ದ್ರವ್ಯವು ಕಣವೋ, ತರಂಗವೋ?

ಮನೆಯಲ್ಲಿ ದ್ವಿತೀಯ ಪಿ.ಯು.ಸಿ. ಓದುವ ಮಕ್ಕಳುಳ್ಳ ವಾಚಕರು, ದ್ರವ್ಯಕ್ಕೂ ತರಂಗಸ್ವಭಾವವುಂಟೆಂಬ ಪಾಠವನ್ನು ಅವರ ಭೌತವಿಜ್ಞಾನದ ಪುಸ್ತಕದಲ್ಲಿ ಕಂಡಿರಬಹುದು. ಕಲ್ಲು ಕಬ್ಬಿಣಗಳಿಗೂ ಕೊಳದ ನೀರಿನಂತೆ ತೆರೆಯುಂಟೆಂದರೆ ನಂಬುವುದೆಂತು? ಬಹುಮಂದಿ ವಿದ್ಯಾರ್ಥಿಗಳು ನಂಬುವ ಗೋಜಿಗೇ ಹೋಗುವುದಿಲ್ಲ. ಸೂತ್ರವನ್ನು ಬಾಯಿಪಾಠ ಮಾಡಿ, ಅಂಕ ಪಡೆದು ಮುಂದೆ ಸಾಗುತ್ತಾರೆ. ಈ ಪಾಠಕ್ಕೆ ಇದಕ್ಕಿಂತ ದೊಡ್ಡ ಅನ್ಯಾಯವಿಲ್ಲವೆಂದು ನಮ್ಮ ಭಾವನೆ.

ಸೂತ್ರವೇನೋ ಸುಲಭವಾದುದೇ. ಪ್ಲಾಂಕನ ಸ್ಥಿರಾಂಕವನ್ನು ಕಣದ ರಾಶಿ ವೇಗಗಳ ಗುಣಲಬ್ಧದಿಂದ ಭಾಗಿಸಿದರೆ ಅದರ ತರಂಗದೂರ ದೊರೆಯುವುದೆಂದು ಫ್ರಾನ್ಸಿನ ಲೂಯಿ ಡಿ ಬ್ರಾಯ್ ಅವರು 1924ರ ತಮ್ಮ ಡಾಕ್ಟರ್ ಪದವಿಯ ಪ್ರಬಂಧದಲ್ಲಿ ಸೂಚಿಸಿದರು. ಉಪಾಧ್ಯಾಯರು ಇಲ್ಲಿಗೇ ನಿಲ್ಲದೆ ಮಕ್ಕಳ ಕೈಯಿಂದಲೇ ಲೆಕ್ಕ ಮಾಡಿಸಬೇಕು. 150 ಗ್ರಾಂ ತೂಕದ ಕ್ರಿಕೆಟ್ ಚೆಂಡು ಸೆಕೆಂಡಿಗೆ 20 ಮೀಟರು ವೇಗದಿಂದ ಹೋಗುವಾಗ ಅದರ ತರಂಗದೂರವನ್ನು ಮೀಟರುಗಳಲ್ಲಿ ಬರೆಯಬೇಕಾದರೆ, ದಶಾಂಶ ಬಿಂದುವಿನ ಮುಂದೆ 33 ಸೊನ್ನೆಗಳನ್ನಿಟ್ಟು ಆಮೇಲೆ 22 ಎಂದು ಬರೆಯಬೇಕು! ಅದನ್ನು ತೋರಿಸಬಲ್ಲ ಕಂಡಿ ಎಲ್ಲಿದೆ? 54 ವೋಲ್ಟುಗಳಿಂದ ವೇಗಗೊಂಡ ಎಲೆಕ್ಟ್ರಾನಿನ ತರಂಗದೂರವಾದರೋ ಮೀಟರಿನ ಸಾವಿರ ಕೋಟಿಯಲ್ಲಿ 1.67 ಭಾಗ. ಹರಳಿನಲ್ಲಿ ಪರಮಾಣುಗಳ ನಡುವಣ ಅಂತರವೂ ಹೆಚ್ಚುಕಡಮೆ ಅಷ್ಟೇ. ಆದಕಾರಣವೇ 1927ರಲ್ಲಿ ಅಮೆರಿಕದ ಡೇವಿಸನ್ ಮತ್ತು ಜರ್ಮರ್ ಅವರು ನಿಕ್ಕಲ್ ಹರಳಿನ ಮೇಲೆ ಎಲೆಕ್ಟ್ರಾನುಗಳನ್ನು ಹಾಯಿಸಿದಾಗ, ಅವು ಎಕ್ಸ್ ಕಿರಣಗಳಂತೆಯೇ ಕೆಲವು ದಿಕ್ಕುಗಳಲ್ಲಿ ವಿಶೇಷವಾಗಿ ಚದರಿದುವು. ಅದೇ ವರ್ಷ ಜಿ. ಪಿ. ಥಾಮ್ಸನ್ನರು ತೆಳುವಾದ ಹಾಳೆಯ ಮೂಲಕ ಹಾಯಿಸಿ ಉಂಗುರಗಳನ್ನು ಪಡೆದರು. ಎಲೆಕ್ಟ್ರಾನು ಕಣವೆಂದು 1897ರಲ್ಲಿ ತೋರಿಸಿದವರು ಇವರ ತಂದೆಯವರೇ ಎಂಬುದು ವಿನೋದ; ಇಬ್ಬರಿಗೂ ನೊಬೆಲ್ ಬಹುಮಾನ ದೊರೆಯಿತು.

ಕಪ್ಪು ಹಲಗೆಯ ಮೇಲೆ ಹಾವಿನಂತೆ ಡೊಂಕಾದ ಗೆರೆಯೆಳೆದು, ಅದರ ಮೇಲೊಂದು ಮಣಿಯನ್ನಿಟ್ಟು, 'ಎಲೆಕ್ಟ್ರಾನು ಹೀಗೆ ಕುಣಿಯುತ್ತ ಹೋಗುವುದು' ಎನ್ನುವ ಪದ್ಧತಿಯು ಸರ್ವಥಾ ತಪ್ಪು. ಇದಕ್ಕಿಂತ 1989ರಲ್ಲಿ ಜಪಾನಿನ ಟೊನೊಮುರ ಮತ್ತು ಸಂಗಡಿಗರು ಪ್ರಕಟಿಸಿದ ಪ್ರಯೋಗದ ಚಿತ್ರಗಳನ್ನು ತೋರಿಸುವುದು ಮೇಲು. ಅಲ್ಲಿ ಎಲೆಕ್ಟ್ರಾನುಗಳು ಒಂದೊಂದಾಗಿಯೇ ಬಂದು, ಒಂದೊಂದೂ ಒಂದೇ ಚುಕ್ಕೆಯನ್ನು ಮೂಡಿಸುತ್ತವೆ. ಮೊದಲಲ್ಲಿ ಚುಕ್ಕೆಗಳು ಎರಚಿದ ರಾಗಿಯಂತೆ ತೋರುತ್ತವೆ. ಸಾವಿರಾರು ಬಿದ್ದ ಮೇಲೆ ತರಂಗಗಳಿಗೆ ಮಾತ್ರ ಸಾಧ್ಯವಾದ ಪಟ್ಟೆಗಳು ಎದ್ದು ಕಾಣುತ್ತವೆ. ಬಿದ್ದುದು ಕಣದಂತೆ, ಎಲ್ಲಿ ಬೀಳುವ ಸಂಭವ ಹೆಚ್ಚೆಂದು ಗೊತ್ತುಮಾಡಿದುದು ತರಂಗ.

ಆಗ ತರಗತಿಯಲ್ಲಿ ಯಾರಾದರೊಬ್ಬರು, 'ಹಾಗಾದರೆ ಅದು ಎರಡು ದಾರಿಗಳಲ್ಲಿ ಯಾವುದರಿಂದ ಬಂದಿತು?' ಎಂದು ಕೇಳದಿರರು. ಉಪಾಧ್ಯಾಯರು ಗದರಿಸಬಾರದು. ದಾರಿಯನ್ನು ಪತ್ತೆಹಚ್ಚುವ ಏರ್ಪಾಟು ಮಾಡಿದೊಡನೆ ಪಟ್ಟೆಗಳು ಅಳಿಸಿಹೋಗುತ್ತವೆಂದು ಹೇಳಿ, ಮಕ್ಕಳನ್ನು ಸ್ವಲ್ಪ ಹೊತ್ತು ಸುಮ್ಮನೆ ಯೋಚಿಸಲು ಬಿಡಬೇಕು.