ಪಬ್ಬಿನಲ್ಲಿ ಒಂದು ಬಟ್ಟಲು ಸೂಪು

ಐರ್ಲೆಂಡಿನ ನೈರುತ್ಯ ಮೂಲೆಯಲ್ಲಿ, ಅಟ್ಲಾಂಟಿಕ್ ಸಾಗರದೊಳಕ್ಕೆ ಚಾಚಿಕೊಂಡ ನೆಲದ ಮೇಲೆ, ಡಿಂಗಲ್ ಎಂಬ ಪುಟ್ಟ ಬಂದರಿದೆ. ಮೀನುಗಾರರ ಊರು. ಗಾಳಿಮಳೆಗೆ ಸಿಕ್ಕಿ, ಹಸಿದು ಬಂದ ಪ್ರವಾಸಿ ಮಧ್ಯಾಹ್ನದ ಊಟಕ್ಕೆ ಜಾಗವನ್ನು ವಿಚಾರಿಸಿದರೆ, ಊರಿನವರು ಕೈದೋರಿಸುವುದು ಬಹುಶಃ ಒಂದು ಪಬ್ಬಿನ ಕಡೆಗೆ!

ಪಬ್ಬೆಂದೊಡನೆ ಗೃಹಸ್ಥರು ಹುಬ್ಬೇರಿಸುವುದು ಸಹಜ. ಆದರೆ 'ಪಬ್ಲಿಕ್ ಹೌಸ್' ಎಂಬುದರ ಮೊಟಕು ರೂಪವೇ ಪಬ್. ಎಂದರೆ, ಹತ್ತು ಜನರ ಮನೆ. ಹಳ್ಳಿಗಳಲ್ಲಿ ಅದು ಎಷ್ಟೋ ವೇಳೆ ದಿನಸಿ ಅಂಗಡಿಯೂ ಆಗಿರುತ್ತಿತ್ತು. ಡಿಂಗಲ್ಲಿನ ಫಾಕ್ಸಿ ಜಾನ್ಸ್ ಎಂಬ ಪಬ್ಬಿನ ಒಂದು ಬದಿಯಲ್ಲಿ ಪಾನೀಯಗಳಾದರೆ ಇನ್ನೊಂದು ಬದಿಯಲ್ಲಿ ಮೊಳೆ, ಸುತ್ತಿಗೆಗಳು. ಡಿಕ್ ಮ್ಯಾಕ್ಸ್ ಪಬ್ಬಿನಲ್ಲಿ ಹಿಂದೆ ಚರ್ಮದ ಕೆಲಸವೂ ನಡೆಯುತ್ತಿತ್ತು. ಹಗಲಿನಲ್ಲಿ ತಂದೆತಾಯಿಯರೊಡನೆ ಮಕ್ಕಳೂ ಪಬ್ಬಿನಲ್ಲಿ ಬಂದು ಕೂರುವರು. 2004ರ ಮಾರ್ಚ್ ತಿಂಗಳಿಂದ ಒಳಗೆ ಧೂಮಪಾನವಿಲ್ಲ. ಮದ್ಯ ಬೇಡವೆಂದವರು ಚಹ ಕೇಳಿದರೆ ಯಾರೂ ವಿಚಿತ್ರವಾಗಿ ನೋಡುವುದಿಲ್ಲ.

ಊಟವೂ ಸರಳವಾದುದೇ. ಆಲೂಗಡ್ಡೆಯನ್ನೂ ಈರುಳ್ಳಿಯ ಜಾತಿಯ ಲೀಕ್ ಸೊಪ್ಪನ್ನೂ ಬೇಯಿಸಿ ಅರೆದ, ಗಂಜಿಯಂತೆ ಮಂದವಾದ ಬಿಸಿ ಸೂಪು; ಜೊತೆಗೆ ಕಂದುಬಣ್ಣದ ರೊಟ್ಟಿ, ಬೆಣ್ಣೆ. ಸಸ್ಯಾಹಾರಿಗಳು ಮಾತ್ರ, ಸೂಪಿಗೆ ಕೋಳಿಯ ರಸ ಬೆರೆಸಿದೆಯೇ ಎಂದು ಮೊದಲೇ ಕೇಳಿ ತಿಳಿಯಬೇಕು. ರೊಟ್ಟಿಗೆ ಹುದುಗು ಬರಿಸುವ ಗೊಡವೆಯಿಲ್ಲ. ಗೋಧಿಹಿಟ್ಟಿಗೆ ಅಡಿಗೆ ಸೋಡ ಬೆರೆಸಿ, ಮಜ್ಜಿಗೆಯಲ್ಲಿ ಕಲಸುವರು. ಮಜ್ಜಿಗೆಯ ಹುಳಿ ಸೋಡದೊಡನೆ ಕೂಡಿ ಅನಿಲವೆದ್ದು, ಹಿಟ್ಟು ಉಬ್ಬುವುದು. ಈ ಉಪಾಯ ನಮ್ಮ ಗೃಹಿಣಿಯರಿಗೂ ಹೊಸದಲ್ಲ.

ಇಷ್ಟು ಸಾಧಾರಣವಾದ ಬಟ್ಟಲಿನ ಹಿಂದೆ ಒಂದು ಘೋರ ನೆನಪಿದೆ. ಐರ್ಲೆಂಡಿನ ಬಡವರಿಗೆ ಆಲೂಗಡ್ಡೆಯೇ ಅನ್ನವಾಗಿತ್ತು. 1845ರಲ್ಲಿ ಆ ಬೆಳೆಗೆ ರೋಗ ತಗುಲಿತು. ಗಡ್ಡೆಗಳು ನೆಲದಲ್ಲಿಯೇ ಕೊಳೆತುವು. ಆಗ ಆಳುತ್ತಿದ್ದ ಬ್ರಿಟಿಷ್ ಸರಕಾರ 1847ರಲ್ಲಿ ಸೂಪಿನ ಕೇಂದ್ರಗಳನ್ನು ತೆರೆಯಿತು. ಆ ಬೇಸಗೆಯಲ್ಲಿ ದಿನವೊಂದಕ್ಕೆ ಸುಮಾರು 30 ಲಕ್ಷ ಜನರು ಬಟ್ಟಲು ಹಿಡಿದು ನಿಂತರು. ಕೆಲವೇ ತಿಂಗಳುಗಳಲ್ಲಿ ಆ ಕೇಂದ್ರಗಳೂ ಮುಚ್ಚಿದುವು. ಕ್ಷಾಮ ಮಾತ್ರ ಮುಗಿಯಲಿಲ್ಲ. ಅದೇ ಕಾಲದಲ್ಲಿ ದವಸವೂ ದನಗಳೂ ಹಡಗುಗಳಲ್ಲಿ ಇಂಗ್ಲೆಂಡಿಗೆ ಸಾಗುತ್ತಿದ್ದುವು! ಸುಮಾರು 10 ಲಕ್ಷ ಮಂದಿ ಸತ್ತರು. ಅದಕ್ಕೂ ಹೆಚ್ಚು ಮಂದಿ ದೇಶ ಬಿಟ್ಟರು. 1841ರಲ್ಲಿ ಸುಮಾರು 82 ಲಕ್ಷವಿದ್ದ ಆ ದ್ವೀಪದ ಜನಸಂಖ್ಯೆ ಇಂದಿಗೂ ಆ ಮಟ್ಟವನ್ನು ಮುಟ್ಟಿಲ್ಲ.

ಇತ್ತೀಚಿನ ವರ್ಷಗಳಲ್ಲಿ ಅಲ್ಲಿನ ಹಳ್ಳಿಗಳ ಅನೇಕ ಪಬ್ಬುಗಳು ಬಾಗಿಲು ಹಾಕಿವೆ. ಕುಡಿದು ಕಾರು ನಡೆಸುವುದನ್ನು ತಡೆಯುವ ಬಿಗಿಯಾದ ಕಾನೂನು ಒಳ್ಳೆಯದೇ. ದೊಡ್ಡ ಅಂಗಡಿಗಳಲ್ಲಿ ಮದ್ಯ ಅಗ್ಗವಾಗಿ ದೊರೆಯುವುದೂ ಒಂದು ಕಾರಣ. ಆದರೆ ಪಬ್ಬು ಮುಚ್ಚಿದ ಹಳ್ಳಿಯಲ್ಲಿ ಒಂಟಿ ಮುದುಕನಿಗೆ ನಾಲ್ಕು ಮಾತಾಡಲು ಜಾಗವಿಲ್ಲ. ದಾರಿಹೋಕನಿಗೆ ಬಿಸಿ ಸೂಪೂ ಇಲ್ಲ.

ಹೊರಗೆ ಮಳೆ ನಿಲ್ಲುತ್ತದೆ. ಪ್ರವಾಸಿ ರೊಟ್ಟಿಯ ಕೊನೆಯ ತುಣುಕಿನಿಂದ ಬಟ್ಟಲನ್ನು ಒರೆಸಿ ತಿಂದು ಮೇಲೇಳುತ್ತಾನೆ. ಹಸಿವನ್ನು ಅಷ್ಟು ಬಲ್ಲ ನಾಡಿನಲ್ಲಿ ಅದನ್ನು ಅಸಭ್ಯವೆನ್ನುವವರು ಯಾರು?