ಸೋಮವಾರದ ಬೆಳಗಿನ ಪುಸ್ತಕ

ಮೈಸೂರಿನ ಸರಸ್ವತೀಪುರದ ಒಂದು ಹಳೆಯ ಮನೆಯ ನಡುಮನೆಯಲ್ಲಿ, 2023ರ ಮಾರ್ಚ್ 13ರ ಸೋಮವಾರ, ಹಾಲಿನ ಪ್ಯಾಕೆಟ್ಟು ಇನ್ನೂ ಬಾಗಿಲಿಗೆ ಬಾರದ ಹೊತ್ತಿನಲ್ಲಿ, ಹದಿನಾಲ್ಕು ಮಂದಿಯ ನಡುವೆ ಚಾಪೆಯ ಮೇಲೆ ಕುಳಿತು ನಾನು ನೋಡಿದ್ದು ಲಾಸ್ ಏಂಜಲೀಸಿನ ಡಾಲ್ಬಿ ರಂಗಮಂದಿರದಲ್ಲಿ ನಡೆಯುತ್ತಿದ್ದ ತೊಂಬತ್ತೈದನೆಯ ಆಸ್ಕರ್ ಸಮಾರಂಭವನ್ನು. ಆದರೆ ಅಂದಿನಿಂದ ಇಂದಿನವರೆಗೂ ನನ್ನ ಮನಸ್ಸನ್ನು ಬಿಡದೆ ಹಿಡಿದಿರುವುದು ಟೀವಿಯ ಪಕ್ಕದ ಮಣೆಯ ಮೇಲೆ ಪೆನ್ನೊಂದನ್ನು ದಾರದಿಂದ ಕಟ್ಟಿ ಇಟ್ಟಿದ್ದ, ಕೆಂಪು ಬಟ್ಟೆಯ ಬೆನ್ನಿನ ಒಂದು ದಪ್ಪ ಲೆಕ್ಕದ ಪುಸ್ತಕ.

ಮನೆಯ ಯಜಮಾನರು ಗಣಿತದ ಮೇಷ್ಟ್ರಾಗಿದ್ದು ನಿವೃತ್ತರಾದವರು. ಅಮೆರಿಕದಲ್ಲಿ ಸೋಮವಾರ ರಾತ್ರಿ ನಡೆಯುತ್ತಿದ್ದ ಸಮಾರಂಭವನ್ನು 1999ರಲ್ಲಿ ಭಾನುವಾರ ರಾತ್ರಿಗೆ ಬದಲಾಯಿಸಲಾಗಿ, ನಮಗೆ ಅದು ಮಂಗಳವಾರದ ಬದಲು ಸೋಮವಾರ ಬೆಳಗ್ಗೆ ಕಾಣತೊಡಗಿದ ವರ್ಷವೇ ಅವರು ಈ ಪುಸ್ತಕವನ್ನು ತೆರೆದರಂತೆ. ನಿಯಮಗಳು ಎರಡೇ: ನೋಡಲು ಬಂದವರು ಹೊರಡುವುದಕ್ಕೆ ಮುಂಚೆ ನಾಲ್ಕು ಸಾಲುಗಳನ್ನಾದರೂ ಬರೆಯತಕ್ಕದ್ದು; ಪ್ರಶಸ್ತಿ ಯಾರಿಗೆ ಬಂತೆಂಬುದನ್ನು ಮಾತ್ರ ಬರೆಯಕೂಡದು, ಏಕೆಂದರೆ ಅದು ಮರುದಿನದ ಪತ್ರಿಕೆಯಲ್ಲಿ ಬಂದೇ ಬರುವುದು. ಈ ಎರಡನೆಯ ನಿಯಮವನ್ನು ಮಾಡಿದವರ ವಿವೇಕಕ್ಕೆ ನಾನು ಮನಸಾರೆ ತಲೆಬಾಗುತ್ತೇನೆ. ಗೆದ್ದವರ ಹೆಸರನ್ನು ಬಿಟ್ಟು ಬರೆಯಿರೆಂದೊಡನೆ ನೋಡುಗನು ತಾನು ನಿಜವಾಗಿ ಕಂಡದ್ದೇನೆಂಬುದನ್ನು ಹುಡುಕಿಕೊಳ್ಳಬೇಕಾಗುತ್ತದೆ. ಹಾಗೆ ಹುಡುಕಿಕೊಂಡು ಬರೆದ ಇಪ್ಪತ್ತನಾಲ್ಕು ವರ್ಷಗಳ ಸಾಲುಗಳು, ನೀಲಿ ಶಾಯಿಯಲ್ಲಿಯೂ ಸೀಸದ ಕಡ್ಡಿಯಲ್ಲಿಯೂ, ಕೆಲವು ಇಂಗ್ಲಿಷಿನಲ್ಲಿಯೂ ಬಹುಪಾಲು ಕನ್ನಡದಲ್ಲಿಯೂ, ನನ್ನ ಮಡಿಲಲ್ಲಿದ್ದುವು.

ಜಾಹೀರಾತುಗಳ ಬಿಡುವಿನಲ್ಲೆಲ್ಲ ನಾನು ಹಾಳೆ ತಿರುವುತ್ತಿದ್ದೆ. ಮೊದಲಿಗೆ ಕಣ್ಣಿಗೆ ಬೀಳುವುದು ದೀರ್ಘತೆಯ ಮೇಲಣ ದೂರು. ಸಮಾರಂಭವು 4 ಗಂಟೆ 23 ನಿಮಿಷ ನಡೆದ 2002ರಲ್ಲಿ, ಬ್ಯಾಂಕಿಗೆ ಹೋಗಬೇಕಾಗಿದ್ದವರೊಬ್ಬರು ತಮಗೆ ಅರ್ಧ ದಿನದ ರಜೆ ಖರ್ಚಾದುದನ್ನು ಬಹಳ ಗಂಭೀರವಾಗಿ ದಾಖಲಿಸಿದ್ದಾರೆ. ಆದರೆ ಅದೇ ಮಹನೀಯರು ಮುಂದಿನ ವರ್ಷವೂ ಬಂದು, ಅದರ ಮುಂದಿನ ವರ್ಷವೂ ಬಂದು, ಅದೇ ದುಂಡಗಿನ ಅಕ್ಷರಗಳಲ್ಲಿ ಬರೆದಿದ್ದಾರೆ. ಲಕೋಟೆಗಳು ಅದಲುಬದಲಾಗಿ ‘ಮೂನ್‌ಲೈಟ್’ಗೆ ಸಲ್ಲಬೇಕಾದುದನ್ನು ‘ಲಾ ಲಾ ಲ್ಯಾಂಡ್’ ಎಂದು ಓದಿದ 2017ರ ಪುಟದಲ್ಲಿ, ತಪ್ಪು ಮಾಡಿದವರನ್ನು ಹಳಿಯುವ ಮಾತು ಒಂದೆರಡು ಇದ್ದರೂ, ಉಳಿದವರೆಲ್ಲರೂ ಬರೆದಿರುವುದು ಕೈಗೆ ಬಂದ ಗೌರವವು ತನ್ನದಲ್ಲವೆಂದು ತಿಳಿದ ಕ್ಷಣವೇ ತಾನೇ ಮುಂದೆ ಬಂದು ಸಾರಿ, ಸರಿಯಾದ ಚೀಟಿಯನ್ನು ಲೋಕಕ್ಕೆ ಎತ್ತಿ ತೋರಿಸಿದ ಆ ನಿರ್ಮಾಪಕನ ಮುಖವನ್ನು ಕುರಿತು. ನೋಡುಗರ ಅಭಿಪ್ರಾಯವೆಂದರೆ ಇದೇ ಎಂದು ನನಗೆ ಆ ಬೆಳಗ್ಗೆ ಮೊದಲ ಬಾರಿಗೆ ಅನ್ನಿಸಿತು.

ಆಸ್ಕರಿನ ಪೂರ್ವಕಥೆ ಓದುಗರಿಗೆ ತಿಳಿದೇ ಇದೆ. 1929ರಲ್ಲಿ ಹಾಲಿವುಡ್ ರೂಸ್‌ವೆಲ್ಟ್ ಹೋಟೆಲಿನ ಔತಣಕೂಟದಲ್ಲಿ ಹದಿನೈದು ನಿಮಿಷಗಳಲ್ಲಿ ಮುಗಿದುಹೋದ ವಿತರಣೆ, ಮರುವರ್ಷದಿಂದ ರೇಡಿಯೋ, ಸ್ಟುಡಿಯೋಗಳು ಹಣ ಕೊಡಲು ಹಿಂಜರಿದಾಗ ದೂರದರ್ಶನದ ಹಕ್ಕಿಗಾಗಿ ಬಂದ 1 ಲಕ್ಷ ಡಾಲರಿನ ಬಲದಿಂದ 1953ರ ಮಾರ್ಚ್ 19ರಂದು ಮೊದಲ ಪ್ರಸಾರ. ಅಂದಿನಿಂದ ಆ ಸಭೆಗೆ ಇಬ್ಬರು ಒಡೆಯರಾದರು: ಮುಂದೆ ಕುಳಿತ ಕಲಾವಿದರು ಒಬ್ಬರು, ಗಡಿಯಾರ ಇನ್ನೊಬ್ಬರು.

ಈ ಗಡಿಯಾರದ ವಿಷಯದಲ್ಲಿ 1959ರ ಏಪ್ರಿಲ್ 6ರ ಇರುಳಿನ ಘಟನೆಯೊಂದಿದೆ. ಅದನ್ನು ಹೇಳದೆ ಮುಂದೆ ಹೋಗಲು ನನ್ನಿಂದಾಗದು. ಆ ವರ್ಷದ ಪ್ರಸಾರದ ಹೊಣೆ ಹೊತ್ತಿದ್ದ ಜೆರ್ರಿ ವಾಲ್ಡ್, ಸಮಾರಂಭವು ಎಲ್ಲಿ ಮಿತಿಮೀರಿ ಬೆಳೆಯುವುದೋ ಎಂಬ ಅಂಜಿಕೆಯಿಂದ ಕಾರ್ಯಕ್ರಮದ ಭಾಗಗಳನ್ನು ಒಂದೊಂದಾಗಿ ಕತ್ತರಿಸಿದ್ದರು. ಪ್ಯಾಂಟೇಜಸ್ ರಂಗಮಂದಿರದಲ್ಲಿ ಎಲ್ಲವೂ ಅಚ್ಚುಕಟ್ಟಾಗಿ ಸಾಗಿ, ‘ಜೀಜೀ’ ಚಿತ್ರವು ಒಂಬತ್ತು ಪ್ರಶಸ್ತಿಗಳನ್ನು ಗಳಿಸಿ, ತಾರೆಯರೆಲ್ಲರೂ ವೇದಿಕೆಯನ್ನೇರಿ ಮುಕ್ತಾಯದ ಹಾಡನ್ನು ಹಾಡತೊಡಗಿದಾಗ ನೋಡುತ್ತಾರೆ, ಪ್ರಸಾರದ ಅವಧಿಯಲ್ಲಿ ಇನ್ನೂ ಇಪ್ಪತ್ತು ನಿಮಿಷಗಳು ಉಳಿದಿವೆ! ನಿರೂಪಕರಲ್ಲಿ ಒಬ್ಬನಾಗಿದ್ದ ಜೆರ್ರಿ ಲೂಯಿಸ್ ಆ ಶೂನ್ಯವನ್ನು ತುಂಬಲು ಪಟ್ಟ ಪಾಡನ್ನು ಪತ್ರಿಕೆಗಳ ಹಳೆಯ ತುಣುಕುಗಳಲ್ಲಿ ಓದಿದಾಗಲೆಲ್ಲ ನನ್ನ ಕರುಳು ಮಿಡಿಯುತ್ತದೆ. ಹಾಡನ್ನು ಮತ್ತೆ ಮತ್ತೆ ಹಾಡಿಸಿದನು, ವಾದ್ಯವೃಂದದ ನಿರ್ದೇಶಕನ ಕೋಲನ್ನು ತಾನೇ ತೆಗೆದುಕೊಂಡು ಬೀಸಿದನು, ತುತ್ತೂರಿಯನ್ನೂ ಹಿಡಿದನು. ವೇದಿಕೆಯ ಮೇಲಿದ್ದ ಮಹಾಮಹಾ ನಟನಟಿಯರು, ಮುಂದೇನೆಂದು ತೋಚದೆ, ಕೈಗೆ ಸಿಕ್ಕಿದವರ ಕೈಹಿಡಿದು ಜೋಡಿಜೋಡಿಯಾಗಿ ಕುಣಿಯತೊಡಗಿದರು. ಕೆಲವರು ಮೆಲ್ಲಗೆ ಹಿಂದಕ್ಕೆ ಸರಿದರು. ಸಭಿಕರು ಎದ್ದು ಹೊರಟರು. ಕಟ್ಟಕಡೆಗೆ ಎನ್‌ಬಿಸಿ ವಾಹಿನಿಯವರು ಪ್ರಸಾರವನ್ನು ಕಡಿದು, ಪಿಸ್ತೂಲಿನಿಂದ ಗುರಿ ಹೊಡೆಯುವ ಕ್ರೀಡೆಯ ಕಿರುಚಿತ್ರವೊಂದನ್ನು ಹಾಕಿಬಿಟ್ಟರು. ದೂರದರ್ಶನಕ್ಕೆ ಬಂದ ತರುವಾಯ ಆಸ್ಕರ್ ಬೇಗ ಮುಗಿದ ಇರುಳೆಂದು ಹೆಸರಾದುದು ಇದು. ಇದನ್ನೇ ಜನರು ಅನರ್ಥವೆಂದು ನೆನೆಯುತ್ತಾರೆ. ಆ ಇರುಳಿನಲ್ಲಿ ಒಬ್ಬ ಸಂಕಲನಕಾರನಿಗೆ, ಒಬ್ಬ ಧ್ವನಿತಜ್ಞನಿಗೆ, ತನ್ನ ಗುರುವಿನ ಹೆಸರನ್ನು ಹೇಳಲು ಮತ್ತೊಂದು ನಿಮಿಷವನ್ನು ಕೊಟ್ಟಿದ್ದರೆ, ಆ ಇಪ್ಪತ್ತು ನಿಮಿಷಗಳು ಎಷ್ಟು ಧನ್ಯವಾಗುತ್ತಿದ್ದುವೆಂದು ನಾನು ಎಷ್ಟೋ ಸಲ ಆಲೋಚಿಸಿದ್ದೇನೆ.

ಆ ಪಾಠವನ್ನು ಯಾರೂ ಕಲಿಯಲಿಲ್ಲ. ‘ಟೈಟಾನಿಕ್’ ಗೆದ್ದ 1998ರಲ್ಲಿ ಅಮೆರಿಕದಲ್ಲಿಯೇ ಐದೂವರೆ ಕೋಟಿ ಮಂದಿ ನೋಡಿದ ಸಮಾರಂಭಕ್ಕೆ 2021ರಲ್ಲಿ ಉಳಿದವರು ಒಂದು ಕೋಟಿಯ ಆಸುಪಾಸು. ಎಣಿಕೆ ಕುಗ್ಗಿದಂತೆಲ್ಲ, ಆಸ್ಕರ್ ಕೊಡುವ ಅಕಾಡೆಮಿಯು, ನೋಡುಗರ ಇಚ್ಛೆಯೇ ಇದೆಂದು ನಂಬಿ, ಏನನ್ನು ಕತ್ತರಿಸಬಹುದೆಂದು ನೋಡತೊಡಗಿತು. ಜನಪ್ರಿಯ ಚಿತ್ರಕ್ಕೆ ಬೇರೆಯೇ ಪ್ರಶಸ್ತಿಯೆಂದು 2018ರಲ್ಲಿ ಸಾರಿ, ಒಂದು ತಿಂಗಳಿನಲ್ಲಿಯೇ ಹಿಂತೆಗೆದುಕೊಂಡಿತು. 2019ರಲ್ಲಿ ಛಾಯಾಗ್ರಹಣ, ಸಂಕಲನ ಮೊದಲಾದ ನಾಲ್ಕನ್ನು ಜಾಹೀರಾತಿನ ವೇಳೆಯಲ್ಲಿ ಕೊಟ್ಟುಬಿಡುವೆನೆಂದು ಹೊರಟು, ಕಲಾವಿದರ ಪ್ರತಿಭಟನೆಗೆ ಮಣಿಯಿತು. 2022ರಲ್ಲಿ ಮಾತ್ರ ಮಣಿಯದೆ, ಎಂಟು ವಿಭಾಗಗಳ ಪ್ರಶಸ್ತಿಗಳನ್ನು ನೇರ ಪ್ರಸಾರಕ್ಕೆ ಮುಂಚೆಯೇ ಹಂಚಿ, ಅವುಗಳ ತುಣುಕುಗಳನ್ನು ನಡುವೆ ಪೋಣಿಸಿತು. ಆ ವರ್ಷದ ಪುಟವನ್ನು ಮೇಷ್ಟ್ರು ನನಗೆ ಬೆರಳಿಟ್ಟು ತೋರಿಸಿದರು. ಒಬ್ಬ ನಟನು ಪ್ರಶಸ್ತಿ ಕೊಡಲು ಬಂದಿದ್ದವನ ಕೆನ್ನೆಗೆ ಹೊಡೆದ ಪ್ರಸಂಗಕ್ಕಾಗಿ ಲೋಕವೆಲ್ಲ ನೆನೆಯುವ ಆ ಸಮಾರಂಭದ ವಿಷಯದಲ್ಲಿ, ಈ ಪುಸ್ತಕದ ಐದು ಮಂದಿ, ಒಬ್ಬರು ಬರೆದುದನ್ನು ಇನ್ನೊಬ್ಬರು ನೋಡದೆಯೇ, ಕತ್ತರಿಸಿ ಅಂಟಿಸಿದ ಆ ತುಣುಕುಗಳು ತಮ್ಮ ಮನಸ್ಸನ್ನು ನೋಯಿಸಿದುದನ್ನು ಬರೆದಿದ್ದಾರೆ.

ಆದರೆ ನನ್ನ ಹೃದಯಕ್ಕೆ ತಟ್ಟಿದ ಪುಟ 2010ರದು. ಆಗ ಇಂಜಿನಿಯರಿಂಗ್ ಓದುತ್ತಿದ್ದ ಹುಡುಗನೊಬ್ಬನು, ಈ ಸಲ ವೃದ್ಧರನ್ನು ಕರೆದು ಸನ್ಮಾನಿಸುವ ಭಾಗವು ಎಲ್ಲಿ ಹೋಯಿತೆಂದು ಕೇಳಿದ್ದಾನೆ. ಅವನು ಸರಿಯಾಗಿಯೇ ಗುರುತಿಸಿದ್ದನು. ಜೀವಮಾನದ ಸಾಧನೆಗಾಗಿ ಕೊಡುವ ಗೌರವ ಪ್ರಶಸ್ತಿಗಳನ್ನು 2009ರ ನವೆಂಬರಿನಿಂದ ಬೇರೊಂದು ಸಂಜೆಯ ಔತಣಕ್ಕೆ ಸಾಗಿಸಿ, ಮುಖ್ಯ ಪ್ರಸಾರದಿಂದ ತೆಗೆದುಹಾಕಲಾಗಿತ್ತು. ಇದರ ಅರ್ಥವೇನೆಂಬುದನ್ನು ನಮ್ಮ ದೇಶದವರಿಗೆ ವಿವರಿಸಬೇಕಾಗಿಲ್ಲ. 1992ರ ಮಾರ್ಚ್ 30ರಂದು ಆಡ್ರೆ ಹೆಪ್‌ಬರ್ನ್ ವೇದಿಕೆಯ ಮೇಲೆ ನಿಂತು ಸತ್ಯಜಿತ್ ರಾಯ್ ಅವರ ಹೆಸರನ್ನು ಹೇಳಿದೊಡನೆ, ಕಲ್ಕತ್ತೆಯ ಚಿಕಿತ್ಸಾಲಯದ ಹಾಸಿಗೆಯಲ್ಲಿ ದಿಂಬಿಗೊರಗಿದ್ದ ಆ ನೀಳಕಾಯದ ಮಹಾಪುರುಷರು, ಚಿನ್ನದ ಬೊಂಬೆಯನ್ನು ಕೈಯಲ್ಲಿ ಹಿಡಿದು, ತಾವು ಬಾಲ್ಯದಲ್ಲಿ ಹಾಲಿವುಡ್ ತಾರೆಯರಿಗೆ ಕಾಗದ ಬರೆದುದನ್ನೂ, ಬಿಲ್ಲಿ ವೈಲ್ಡರನಿಗೆ ಬರೆದ ಹನ್ನೆರಡು ಪುಟಗಳಿಗೆ ಉತ್ತರವೇ ಬಾರದುದನ್ನೂ ತಡೆತಡೆದು ಹೇಳಿದ ಆ ನಿಮಿಷಗಳನ್ನು ಬಲ್ಲವರು ಯಾರು ಮರೆತಾರು? ನಾಲ್ಕು ವಾರಗಳು ತುಂಬುವ ಮೊದಲೇ, ಏಪ್ರಿಲ್ 23ರಂದು, ರಾಯ್ ತೀರಿಕೊಂಡರು. ಇಂದಿನ ಏರ್ಪಾಡಿನಲ್ಲಿ ಆ ನಿಮಿಷಗಳು ಮುಖ್ಯ ಪ್ರಸಾರದಲ್ಲಿ ಇರುತ್ತಿರಲಿಲ್ಲ. ಈ ಬದಲಾವಣೆಯನ್ನು ಸುಧಾರಣೆಯೆಂದು ಕರೆಯುವವರ ಮಾತನ್ನು ನಾನು ಒಪ್ಪಲಾರೆ.

ಅವಸರವು ಅಮೆರಿಕದವರದೊಂದೇ ಅಲ್ಲ. ‘ಸಂಸ್ಕಾರ’ದಿಂದ ‘ದ್ವೀಪ’ದವರೆಗೆ ಆರು ಕನ್ನಡ ಚಿತ್ರಗಳಿಗೆ ಸ್ವರ್ಣಕಮಲವನ್ನು ತಂದ ನಮ್ಮ ರಾಷ್ಟ್ರಪ್ರಶಸ್ತಿಯಲ್ಲಿ ಫಲಿತಾಂಶವು ಮೊದಲೇ ತಿಳಿದಿರುವುದರಿಂದ ಲಕೋಟೆಯ ಕುತೂಹಲವಿಲ್ಲ, ನೋಡುಗರು ಕಾಯುವುದು ರಾಷ್ಟ್ರಪತಿಗಳ ಹಸ್ತದಿಂದ ಕಲಾವಿದನು ಪದಕವನ್ನು ಪಡೆಯುವ ಒಂದು ಗಳಿಗೆಗಾಗಿ. ರಾಷ್ಟ್ರಪತಿಗಳು ಒಂದು ಗಂಟೆ ಮಾತ್ರ ಉಪಸ್ಥಿತರಿರುವರೆಂಬ ಕಾರಣದಿಂದ 2018ರ ಮೇ 3ರಂದು ಅವರ ಕೈಯಿಂದ ಹನ್ನೊಂದು ಪ್ರಶಸ್ತಿಗಳನ್ನಷ್ಟೇ ಕೊಡಿಸಿದಾಗ, ಐವತ್ತಕ್ಕೂ ಹೆಚ್ಚು ಮಂದಿ ವಿಜೇತರು ವಿಜ್ಞಾನ ಭವನಕ್ಕೆ ಬಾರದೆ ಉಳಿದರು.

ಇನ್ನು ಆ ಸೋಮವಾರದ ಮಾತು. ಬೆಂಗಳೂರಿನಲ್ಲಿ ಬೆಳೆದ ದೀಪಿಕಾ ಪಡುಕೋಣೆ ‘ನಾಟು ನಾಟು’ ಹಾಡನ್ನು ಪರಿಚಯಿಸಲು ಬಂದಾಗ ನಡುಮನೆಯಲ್ಲಿ ಎದ್ದ ಚಪ್ಪಾಳೆ, ಕುಣಿತ ಆರಂಭವಾದ ಮೇಲೆ ಕುಣಿಯುತ್ತಿರುವವರಲ್ಲಿ ನಮ್ಮವರು ಕಾಣುವುದಿಲ್ಲವಲ್ಲ ಎಂದು ಮೇಷ್ಟ್ರ ಮೊಮ್ಮಗಳು ತೆಗೆದ ಆಕ್ಷೇಪ, ಆ ಹಾಡಿಗೆ ಸಂಗೀತ ನೀಡಿದ ಕೀರವಾಣಿಯವರು ತಮ್ಮ ಕೃತಜ್ಞತೆಯನ್ನು ಹಾಡಿಯೇ ಹೇಳಿದಾಗ ಎಲ್ಲರ ಮುಖದಲ್ಲಿ ಅರಳಿದ ನಗೆ, ಇವೆಲ್ಲವೂ ಪುಸ್ತಕದಲ್ಲಿ ದಾಖಲಾಗಿವೆ. ಆದರೆ ಮೂಲೆಯ ಬೆತ್ತದ ಕುರ್ಚಿಯಲ್ಲಿ ಶಾಲು ಹೊದ್ದು ಕುಳಿತಿದ್ದ ಮೇಷ್ಟ್ರ ತಾಯಿಯವರು ಎಚ್ಚೆತ್ತು ಮುಂದಕ್ಕೆ ಬಾಗಿದುದು ‘ದಿ ಎಲಿಫೆಂಟ್ ವಿಸ್ಪರರ್ಸ್’ ಎಂಬ ಕಿರು ಸಾಕ್ಷ್ಯಚಿತ್ರದ ಹೆಸರನ್ನು ಕೂಗಿದಾಗ. ಅಜ್ಜಿಯ ತವರು ಗುಂಡ್ಲುಪೇಟೆಯ ಕಡೆ. ಬಂಡೀಪುರವನ್ನು ದಾಟಿ ಊಟಿಗೆ ಹೋಗುವ ದಾರಿಯಲ್ಲಿ ಸಿಕ್ಕುವ, ಆ ಚಿತ್ರದ ನೆಲೆಯಾದ ತೆಪ್ಪಕಾಡಿನ ಆನೆಬಿಡಾರವನ್ನು ಅವರು ಚಿಕ್ಕಂದಿನಿಂದ ಬಲ್ಲರು. ಚಿತ್ರದ ಬೊಮ್ಮನ್, ಬೆಳ್ಳಿ ದಂಪತಿಗಳು ತಮಿಳಿನಲ್ಲಿ ಮಾತಾಡುವರಾದರೂ, ಅವರ ಕಾಟ್ಟುನಾಯಕನ್ ಸಮುದಾಯವು ನಮ್ಮ ಜೇನುಕುರುಬರಿಗೆ ಬಂಧುವಾದುದು, ಅವರ ಮನೆಮಾತು ಕನ್ನಡಕ್ಕೆ ಹತ್ತಿರದ್ದು. ಮೊಮ್ಮಗಳು ಫೋನಿನಲ್ಲಿ ತೋರಿಸಿದ ಆ ಚಿತ್ರವನ್ನು ಅಜ್ಜಿ ಎರಡು ಸಲ ನೋಡಿದ್ದರಂತೆ.

ಇಬ್ಬರು ಹೆಂಗಸರು ವೇದಿಕೆಗೆ ಬಂದರು. ನಿರ್ದೇಶಕಿ ಕಾರ್ತಿಕಿ ಗೊನ್ಸಾಲ್ವಿಸ್ ಮಾತಾಡಿ ಮುಗಿಸಿ ಪಕ್ಕಕ್ಕೆ ಸರಿದರು. ನಿರ್ಮಾಪಕಿ ಗುನೀತ್ ಮೋಂಗಾ ಮೈಕಿನತ್ತ ಮುಖ ಮಾಡಿದರು. ಅಷ್ಟರಲ್ಲಿ, ನಲವತ್ತೈದು ಸೆಕೆಂಡುಗಳು ಕಳೆದುವೆಂದು ತಿಳಿಸುವ ಆ ಸಂಗೀತವು ಮೊಳಗಿತು. “ಅಯ್ಯೋ, ಆ ಮಗು ಇನ್ನೂ ಬಾಯೇ ತೆಗೀಲಿಲ್ವಲ್ಲಪ್ಪ!” ಎಂದು ಅಜ್ಜಿ ಮಗನ ಕಡೆಗೆ ತಿರುಗಿದರು. ಮೇಷ್ಟ್ರು ಉತ್ತರ ಹೇಳಲಿಲ್ಲ. ಇದೇ ಬೆಳಗ್ಗೆ, ಇದೇ ವೇದಿಕೆಯ ಮೇಲೆ, ‘ಆನ್ ಐರಿಷ್ ಗುಡ್‌ಬೈ’ ಚಿತ್ರದವರು ತಮ್ಮ ನಟ ಜೇಮ್ಸ್ ಮಾರ್ಟಿನ್‌ನ ಹುಟ್ಟುಹಬ್ಬಕ್ಕಾಗಿ ಇಡೀ ಸಭೆಯಿಂದ ಹಾಡಿಸಿದುದನ್ನು ಕಂಡು ನಾವೆಲ್ಲ ಕಣ್ಣೊರೆಸಿಕೊಂಡಿದ್ದೆವು. ಅದಕ್ಕೆ ಸಮಯ ದೊರೆತುದು ಯುಕ್ತವೇ ಆಗಿತ್ತು. ಹಿಂದಿನ ವರ್ಷ ಪ್ರಸಾರದ ಹೊರಗೆ ನೂಕಲ್ಪಟ್ಟಿದ್ದ ಎಂಟು ವಿಭಾಗಗಳಲ್ಲಿ ಕಿರು ಸಾಕ್ಷ್ಯಚಿತ್ರವೂ ಒಂದೆಂಬುದನ್ನು ನೆನೆದರೆ, ಒಂದೇ ವರ್ಷ ಮುಂಚೆ ಬಂದಿದ್ದರೆ ಈ ಇಬ್ಬರು ಮೆಟ್ಟಿಲೇರಿದುದನ್ನೂ ಅಜ್ಜಿ ನೇರವಾಗಿ ಕಾಣುತ್ತಿರಲಿಲ್ಲ. ಎಂಟನ್ನೂ ನೇರ ಪ್ರಸಾರಕ್ಕೆ ಮರಳಿಸಿದ 2023ರಲ್ಲಿ ಅಮೆರಿಕದ ನೋಡುಗರ ಸಂಖ್ಯೆ ಕುಗ್ಗಲಿಲ್ಲ. 1 ಕೋಟಿ 87 ಲಕ್ಷದಷ್ಟಿತ್ತು.

ಸಮಾರಂಭವು ಮುಗಿದಾಗ ಒಂಬತ್ತು ಗಂಟೆ ಕಳೆದಿತ್ತು. ಒಬ್ಬೊಬ್ಬರೇ ಬರೆದು, ಕಾಫಿ ಕುಡಿದು, ಚಪ್ಪಲಿ ಮೆಟ್ಟಿಕೊಂಡು ಹೊರಟರು. ಅಜ್ಜಿ ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು, ಕನ್ನಡಕವನ್ನು ಸರಿಪಡಿಸಿಕೊಂಡು, ದೊಡ್ಡ ದೊಡ್ಡ ಅಕ್ಷರಗಳಲ್ಲಿ ಬರೆದರು. ಮಾತಾಡಲಾಗದೆ ಹಿಂದಿರುಗಿದ ಆ ಹೆಣ್ಣುಮಗಳು ಏನು ಹೇಳಬೇಕೆಂದಿದ್ದಳೆಂಬುದು ತಮಗೆ ತಿಳಿಯಬೇಕಾಗಿದೆ ಎಂಬುದೇ ಅದರ ಸಾರಾಂಶ. ನಾಲ್ಕು ಸಾಲು ತುಂಬಲಿಲ್ಲ. ಮೇಷ್ಟ್ರು ನಿಯಮವನ್ನು ಸಡಿಲಿಸಿದರು.

ಕೆಲವು ದಿನಗಳ ಮೇಲೆ, ಗುನೀತ್ ಮೋಂಗಾ ತಾವು ಆಡದೆ ಉಳಿದ ಮಾತನ್ನು ತಿಳಿಸಿದ್ದುದನ್ನು ಪತ್ರಿಕೆಯಲ್ಲಿ ಓದಿದೆ: ಭಾರತದ ನಿರ್ಮಾಣವೊಂದಕ್ಕೆ ಬಂದ ಮೊದಲ ಆಸ್ಕರ್ ಇದೆಂಬುದನ್ನು ಆ ವೇದಿಕೆಯಿಂದ ಸಾರಬೇಕೆಂದು ಅವರು ಬಯಸಿದ್ದರಂತೆ. ಒಡನೆಯೇ ಸರಸ್ವತೀಪುರದ ಆ ಮನೆಗೆ ಫೋನು ಮಾಡಿದೆ. ಅಜ್ಜಿ ಪೂರ್ತಿಯಾಗಿ ಕೇಳಿಸಿಕೊಂಡು, “ಸ್ವಲ್ಪ ಇರಪ್ಪ, ಮೊಮ್ಮಗಳನ್ನ ಕರೀತೀನಿ, ಇನ್ನೊಂದ್ಸಲ ನಿಧಾನವಾಗಿ ಹೇಳು” ಎಂದರು. ನಾನು ಹೇಳುತ್ತ ಹೋದೆ. ಆ ಕಡೆ ಮಣೆಯ ಮೇಲಿಂದ ಪುಸ್ತಕವನ್ನು ಎಳೆದುಕೊಂಡ ಸದ್ದು, ಹಾಳೆ ತಿರುವಿದ ಸದ್ದು ಕೇಳಿಸಿತು. ಅಜ್ಜಿಯ ಅಕ್ಷರದ ಕೆಳಗೆ ಬಿಟ್ಟಿದ್ದ ಜಾಗದಲ್ಲಿ ಹುಡುಗಿ ಅದನ್ನು ಬರೆದುಕೊಂಡಳು.