ಹತ್ತೂರು ನಡೆದು ಕಂಡ ದಾರಿ

1997ರ ಜುಲೈ 31ರಂದು ಸೆನೆಗಲ್ ದೇಶದ ಮಲಿಕುಂಡ ಬಂಬಾರ ಎಂಬ ಹಳ್ಳಿಯ ಹೆಂಗಸರು ಪತ್ರಕರ್ತರನ್ನು ಊರಿಗೆ ಕರೆಸಿ, ಇನ್ನು ಮುಂದೆ ನಮ್ಮ ಹೆಣ್ಣುಮಕ್ಕಳಿಗೆ ಜನನಾಂಗ ಛೇದನ ಮಾಡಿಸುವುದಿಲ್ಲ ಎಂದು ಸಾರಿದರು. ರಾಜಧಾನಿ ಡಕಾರ್‌ನ ದಕ್ಷಿಣಕ್ಕೆ, ಎಂಬೂರ್ ಪಟ್ಟಣದ ಸಮೀಪದ ಊರು ಅದು. ಛೇದನದ ಹೆಸರೆತ್ತುವುದಕ್ಕೂ ಅಲ್ಲಿ ಜನ ಹಿಂಜರಿಯುತ್ತಿದ್ದರು. ‘ಸಂಪ್ರದಾಯ’ ಎಂದಷ್ಟೇ ಹೇಳಿ ಸುಮ್ಮನಾಗುತ್ತಿದ್ದರು. ಇಂಥ ಪದ್ಧತಿ ನಿಲ್ಲುವುದು ಹೇಗೆ ಎಂದು ಜಗತ್ತು ಬಹುಕಾಲದಿಂದ ಕೇಳುತ್ತಿತ್ತು. ಆ ದಿನದಿಂದ ಏಳು ತಿಂಗಳೊಳಗೆ ಉತ್ತರ ಸಿಕ್ಕಿತು. ಅದನ್ನು ಕಂಡುಹಿಡಿದವರು ಆ ಸೀಮೆಯ ಹಳ್ಳಿಗರು.

ಹೊರಗಿನವರಿಗೆ ಕಾಳಜಿ ಇರಲಿಲ್ಲವೆಂದಲ್ಲ. 1970ರ ದಶಕದಿಂದಲೇ ಪಶ್ಚಿಮದ ಮಹಿಳಾ ಹೋರಾಟಗಾರರು ಈ ವಿಷಯವನ್ನು ಅಂತರರಾಷ್ಟ್ರೀಯ ವೇದಿಕೆಗಳಿಗೆ ತಂದಿದ್ದರು. ಆದರೆ 1980ರಲ್ಲಿ ಕೋಪನ್‌ಹೇಗನ್‌ನಲ್ಲಿ ವಿಶ್ವಸಂಸ್ಥೆಯ ಮಹಿಳಾ ಸಮ್ಮೇಳನ ನಡೆದಾಗ, ಅವರ ಮಾತಿನ ಧಾಟಿಗೆ ಆಫ್ರಿಕಾದ ಹೆಂಗಸರೇ ಸಿಡಿದೆದ್ದರು. 1977ರಲ್ಲಿ ಡಕಾರ್‌ನಲ್ಲಿ ಹುಟ್ಟಿದ ಆಫ್ರಿಕನ್ ಸಂಶೋಧಕಿಯರ ಸಂಘ ತನ್ನ ಆಕ್ಷೇಪವನ್ನು ಲಿಖಿತವಾಗಿಯೇ ಕೊಟ್ಟಿತು. ಪದ್ಧತಿಯನ್ನು ಅವರು ಸಮರ್ಥಿಸಲಿಲ್ಲ. ತಮ್ಮನ್ನು ಅನಾಗರಿಕರೆಂದು ಕಾಣುತ್ತ ಬರುವ ನೆರವು ಬೇಡ ಎಂದರು. ಸೆನೆಗಲ್‌ನ ಲೇಖಕಿ ಅವಾ ಥಿಯಾಮ್ 1978ರಲ್ಲೇ ಆಫ್ರಿಕಾದ ಹೆಂಗಸರ ಸ್ವಂತ ಮಾತುಗಳನ್ನು ಪುಸ್ತಕಕ್ಕೆ ತಂದು ಈ ನೋವನ್ನು ಬಯಲಿಗಿಟ್ಟಿದ್ದರು. ಹಾಗಾಗಿ ಧೈರ್ಯಕ್ಕಾಗಲಿ ತಿಳಿವಳಿಕೆಗಾಗಲಿ ಅಲ್ಲಿ ಕೊರತೆ ಇರಲಿಲ್ಲ.

ಹಾಗಿದ್ದರೂ ತಾಯಂದಿರು ಮಗಳನ್ನು ಛೇದನಕ್ಕೆ ಒಪ್ಪಿಸುತ್ತಲೇ ಇದ್ದರು. ರಕ್ತಸ್ರಾವ, ಸೋಂಕು, ಹೆರಿಗೆಯ ಸಂಕಟ ಇವನ್ನೆಲ್ಲ ತಮ್ಮ ಮೈಯಲ್ಲೇ ಉಂಡವರು ಅವರು. ಆದರೆ ಛೇದನವಾಗದ ಹುಡುಗಿಯನ್ನು ಆ ಸಮುದಾಯದಲ್ಲಿ ಯಾರೂ ಸೊಸೆಯಾಗಿ ತರುತ್ತಿರಲಿಲ್ಲ. ಆಕೆ ಮಾಡಿದ ಅಡುಗೆ ಉಣ್ಣುವುದಕ್ಕೂ ಹಿರಿಯರು ಒಪ್ಪುತ್ತಿರಲಿಲ್ಲ. ಮಗಳ ಬಾಳು ಹಸನಾಗಲಿ ಎಂಬ ಪ್ರೀತಿಯೇ ತಾಯಿಯ ಕೈಯಿಂದ ಈ ಕೆಲಸ ಮಾಡಿಸುತ್ತಿತ್ತು. ಪದ್ಧತಿ ಕೆಟ್ಟದ್ದು ಎಂದು ಬೋಧಿಸಿದ ಎಲ್ಲರೂ ಈ ಗಂಟನ್ನು ಬಿಡಿಸದೆ ಹೋಗಿದ್ದರು.

ಅಮೆರಿಕದ ಮಾಲಿ ಮೆಲ್ಚಿಂಗ್ 1974ರಲ್ಲಿ ವಿದ್ಯಾರ್ಥಿನಿಯಾಗಿ ಡಕಾರ್‌ಗೆ ಬಂದು, ವೊಲೋಫ್ ಭಾಷೆ ಕಲಿತು, ಅಲ್ಲಿಯೇ ನೆಲೆಸಿದವರು. 1991ರಲ್ಲಿ ಅವರು ಕಟ್ಟಿದ ‘ಟೊಸ್ಟಾನ್’ ಸಂಸ್ಥೆ, ಯುನಿಸೆಫ್‌ನ ನೆರವಿನಿಂದ ಹಳ್ಳಿಯ ವಯಸ್ಕರಿಗೆ ಅವರದೇ ಭಾಷೆಯಲ್ಲಿ ತರಗತಿ ನಡೆಸುತ್ತಿತ್ತು. ಓದು, ಬರಹ, ಲೆಕ್ಕ, ನೈರ್ಮಲ್ಯದ ಜೊತೆಗೆ ಆಮೇಲೆ ಮಾನವ ಹಕ್ಕು ಮತ್ತು ಮಹಿಳೆಯರ ಆರೋಗ್ಯವೂ ಪಾಠಕ್ಕೆ ಸೇರಿದವು. ಛೇದನ ನಿಲ್ಲಿಸಿ ಎಂದು ಆ ಪಾಠ ಎಲ್ಲಿಯೂ ಹೇಳುತ್ತಿರಲಿಲ್ಲ. ಅದರಿಂದ ದೇಹಕ್ಕೆ ಏನಾಗುತ್ತದೆ ಎಂಬುದನ್ನಷ್ಟೇ ತಿಳಿಸುತ್ತಿತ್ತು.

ಪಾಠದ ಅಂಗವಾಗಿ ಹೆಂಗಸರು ಒಂದು ನಾಟಕ ಆಡಬೇಕಿತ್ತು. ಛೇದನದ ನಂತರ ರಕ್ತ ನಿಲ್ಲದೆ ಸಾಯುವ ಪುಟ್ಟ ಹುಡುಗಿಯ ಕತೆ ಅದು. ಮಲಿಕುಂಡದಲ್ಲಿ ಆ ಚರ್ಚೆ ಬಂದಾಗ ಮೊದಮೊದಲು ಯಾರೂ ಬಾಯಿ ಬಿಡಲಿಲ್ಲ. ನಿಧಾನವಾಗಿ ಒಬ್ಬೊಬ್ಬರೇ ತಮ್ಮ ಮನೆಯಲ್ಲಿ ನಡೆದದ್ದನ್ನು ಹೇಳತೊಡಗಿದರು. ಮಾತು ತರಗತಿಯಿಂದ ಗಂಡಂದಿರಿಗೆ, ಅಲ್ಲಿಂದ ಊರಿನ ಧರ್ಮಗುರುಗಳಿಗೆ ತಲುಪಿತು. ನೆರೆಯ ವೊಲೋಫರೂ ಮುಸ್ಲಿಮರೇ, ಅವರಲ್ಲಿ ಈ ಪದ್ಧತಿ ಇಲ್ಲವಲ್ಲ ಎಂಬುದು ಕಣ್ಣೆದುರಿನ ಸತ್ಯವಾಗಿತ್ತು. ಕಡೆಗೆ ಊರೇ ಒಂದಾಗಿ ನಿರ್ಧಾರಕ್ಕೆ ಬಂತು.

ಆದರೆ ಘೋಷಣೆ ಪತ್ರಿಕೆಗಳಲ್ಲಿ ಬಂದದ್ದೇ ತಡ, ಸುತ್ತಲಿನ ಬಂಧುಬಳಗ ತಿರುಗಿಬಿತ್ತು. ಮನೆಯೊಳಗಿನ ಗುಟ್ಟನ್ನು ಬೀದಿಗೆ ತಂದಿರಿ, ಹಿರಿಯರಿಗೆ ಅವಮಾನ ಮಾಡಿದಿರಿ ಎಂದು ಬೈದರು.

ಕೇರ್ ಸಿಂಬರ ಎಂಬ ಊರಿನ ಹಿರಿಯ ಇಮಾಮ್ ಡೆಂಬಾ ಜವಾರ ಮುಂದೆ ಬಂದದ್ದು ಆಗ. ಅವರಿಗೂ ಮೊದಲು ಮಲಿಕುಂಡದವರ ನಡೆ ಹಿಡಿಸಿರಲಿಲ್ಲ. ಆಮೇಲೆ ತಮ್ಮ ಮನೆಯ ಹೆಂಗಸರನ್ನು ಕೇಳಿದರು, ವೈದ್ಯರನ್ನು ಕೇಳಿದರು. ಪದ್ಧತಿ ನಿಲ್ಲಬೇಕೆಂಬುದು ಮನದಟ್ಟಾಯಿತು. ಆದರೆ ಮೆಲ್ಚಿಂಗ್ ಅವರ ಬಳಿ ಬಂದು, ಮಲಿಕುಂಡ ಹಿಡಿದ ದಾರಿ ಸರಿಯಿಲ್ಲ ಎಂದರು. ತಮ್ಮ ಕುಟುಂಬವೆಂದರೆ ಒಂದು ಊರಲ್ಲ, ಹೆಣ್ಣು ಕೊಟ್ಟು ತರುವ ಊರುಗಳೆಲ್ಲ ಸೇರಿದರೆ ಕುಟುಂಬ. ಒಂದೇ ಊರು ಬಿಟ್ಟರೆ ಆ ಊರಿನ ಹುಡುಗಿಯರು ಮದುವೆಯಿಲ್ಲದೆ ಉಳಿಯುತ್ತಾರೆ. ಬಿಡುವುದಾದರೆ ಬೀಗರೆಲ್ಲ ಒಟ್ಟಿಗೆ ಬಿಡಬೇಕು. ಇದು ಅವರ ವಾದ.

ಹಾಗೆ ಹೇಳಿ ಸುಮ್ಮನೆ ಕೂರಲಿಲ್ಲ. ಇಬ್ಬರನ್ನು ಜೊತೆಗೆ ಕರೆದುಕೊಂಡು ನೆಂಟರ ಹತ್ತು ಊರುಗಳಿಗೆ ನಡೆದೇ ಹೊರಟರು. ಯಾವ ಮನೆಗೆ ಮೊದಲು ಹೋಗಬೇಕು, ಯಾರನ್ನು ಕೇಳಿ ಮಾತು ತೆಗೆಯಬೇಕು ಎಂಬುದು ಅವರಿಗೆ ಗೊತ್ತಿತ್ತು. ಯಾರನ್ನೂ ದೂರಲಿಲ್ಲ. ಕ್ಷೇಮ ಸಮಾಚಾರ ವಿಚಾರಿಸಿ, ಹೆಣ್ಣುಮಕ್ಕಳ ಆರೋಗ್ಯದ ಮಾತೆತ್ತಿ, ಉಳಿದದ್ದನ್ನು ಅವರ ಬಾಯಿಂದಲೇ ಹೊರಡಿಸಿದರು. ಎಲ್ಲ ಕಡೆಯೂ ಆದರ ಸಿಗಲಿಲ್ಲ. ಆದರೂ ಮತ್ತೆ ಮತ್ತೆ ಹೋದರು. 1998ರ ಫೆಬ್ರವರಿಯಲ್ಲಿ ಡಿಯಾಬೂಗು ಎಂಬ ಊರಿನಲ್ಲಿ 13 ಹಳ್ಳಿಗಳ ಪ್ರತಿನಿಧಿಗಳು ಸೇರಿ, ಸುಮಾರು 8,000 ಜನರ ಪರವಾಗಿ ಒಟ್ಟಿಗೆ ಪದ್ಧತಿಯನ್ನು ತೊರೆದರು.

ಇದೇ ಉತ್ತರವನ್ನು ಪುಸ್ತಕಗಳ ನಡುವೆ ಕುಳಿತು ಕಂಡುಕೊಂಡ ಇನ್ನೊಬ್ಬರಿದ್ದರು. ರಾಜಕೀಯ ವಿಜ್ಞಾನಿ ಜೆರ್ರಿ ಮ್ಯಾಕಿ 1996ರ ಲೇಖನವೊಂದರಲ್ಲಿ ಚೀನಾದಲ್ಲಿ ಹೆಣ್ಣುಮಕ್ಕಳ ಪಾದ ಬೆಳೆಯದಂತೆ ಬಿಗಿದು ಕಟ್ಟುತ್ತಿದ್ದ ಪದ್ಧತಿಯನ್ನು ಆಫ್ರಿಕಾದ ಛೇದನದ ಪಕ್ಕದಲ್ಲಿಟ್ಟು ನೋಡಿದ್ದರು. ಸಾವಿರ ವರ್ಷ ಬಾಳಿದ ಪದ್ಧತಿ ಅದು. ದಿಂಗ್‌ಶಿಯನ್ ಸೀಮೆಯಲ್ಲಿ 1889ರ ಹೊತ್ತಿಗೆ ನೂರಕ್ಕೆ 99 ಹೆಣ್ಣುಮಕ್ಕಳ ಪಾದ ಕಟ್ಟುತ್ತಿದ್ದರು. 1919ರ ಹೊತ್ತಿಗೆ ಹೊಸದಾಗಿ ಯಾರಿಗೂ ಕಟ್ಟುತ್ತಿರಲಿಲ್ಲ. ಸುಧಾರಕರ ಸಂಘಗಳಲ್ಲಿ ತಂದೆತಾಯಂದಿರು ಎರಡು ಮಾತು ಕೊಡುತ್ತಿದ್ದರು: ಮಗಳ ಪಾದ ಕಟ್ಟುವುದಿಲ್ಲ, ಪಾದ ಕಟ್ಟಿದ ಹುಡುಗಿಯನ್ನು ಮಗನಿಗೆ ತರುವುದಿಲ್ಲ. ಎರಡನೆಯ ಮಾತು ಮದುವೆಯ ಭಯವನ್ನು ಬೇರುಸಹಿತ ಕಿತ್ತುಹಾಕಿತು. ರಸ್ತೆಯ ಎಡಬದಿಯಲ್ಲಿ ಗಾಡಿ ಓಡಿಸುವ ಊರಲ್ಲಿ ಒಬ್ಬನೇ ಬಲಕ್ಕೆ ಬಂದರೆ ಅಪಘಾತ, ಎಲ್ಲರೂ ಒಂದೇ ದಿನ ಬಂದರೆ ಸಲೀಸು. ಒಬ್ಬರ ನಡೆ ಉಳಿದವರ ನಡೆಗೆ ಕಟ್ಟುಬಿದ್ದಿರುವ ಪದ್ಧತಿಗಳೆಲ್ಲ ಹೀಗೆಯೇ ಬದಲಾಗುತ್ತವೆ ಎಂದು ಮ್ಯಾಕಿ ವಾದಿಸಿದ್ದರು. ಅವರ ಲೇಖನ ಓದದೆಯೇ ಡೆಂಬಾ ಜವಾರ ಅದನ್ನು ಮಾಡಿ ತೋರಿಸಿದ್ದರು. ಮುಂದೆ ಮ್ಯಾಕಿ ಸೆನೆಗಲ್‌ನ ಅನುಭವವನ್ನು ಅಧ್ಯಯನ ಮಾಡಿದರು. ಅವರ ವಿಚಾರ ಯುನಿಸೆಫ್‌ನ ಚಿಂತನೆಯನ್ನೂ ರೂಪಿಸಿತು.

1999ರ ಜನವರಿಯಲ್ಲಿ ಸೆನೆಗಲ್ ಸಂಸತ್ತು ಛೇದನವನ್ನು ಅಪರಾಧವೆಂದು ಸಾರಿತು. 2008ರಲ್ಲಿ ಯುನಿಸೆಫ್ ಮತ್ತು ವಿಶ್ವಸಂಸ್ಥೆಯ ಜನಸಂಖ್ಯಾ ನಿಧಿ ಆಫ್ರಿಕಾದ ಹಲವು ದೇಶಗಳಿಗಾಗಿ ಜಂಟಿ ಕಾರ್ಯಕ್ರಮ ಆರಂಭಿಸಿದವು. ಸಾವಿರಾರು ಹಳ್ಳಿಗಳು ಡಿಯಾಬೂಗುವಿನ ದಾರಿಯಲ್ಲಿ ನಡೆದಿವೆ. ಕೆಲಸ ಮುಗಿದಿಲ್ಲ. ಸೆನೆಗಲ್‌ನ ಸಮೀಕ್ಷೆಗಳ ಪ್ರಕಾರ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಛೇದನಕ್ಕೆ ಒಳಗಾದವರು 2005ರಲ್ಲಿ ಶೇ 28 ಇದ್ದರೆ, 2017ರಲ್ಲಿ ಶೇ 24. ಚಿಕ್ಕಂದಿನಲ್ಲಿ ಆದ ಗಾಯವನ್ನು ಆ ತಲೆಮಾರು ಕೊನೆಯವರೆಗೂ ಹೊತ್ತಿರುತ್ತದೆ. ಆದ್ದರಿಂದ ಈ ಅಂಕಿ ಬೇಗ ಇಳಿಯುವಂಥದ್ದಲ್ಲ. ಕೊಲ್ಡಾ, ಸೆಡಿಯುನಂಥ ದಕ್ಷಿಣದ ಪ್ರದೇಶಗಳಲ್ಲಿ ಪದ್ಧತಿ ಇನ್ನೂ ಬಲವಾಗಿದೆ.

ಅಂತರರಾಷ್ಟ್ರೀಯ ನೆರವು ಎಂದರೆ ಏನಾಗಿರಬೇಕು ಎಂಬುದಕ್ಕೆ ಇಲ್ಲಿ ಸ್ಪಷ್ಟ ಉತ್ತರವಿದೆ. ಹೊರಗಿನಿಂದ ಹಣ ಬಂತು, ಪಾಠ ಬಂತು, ಹಕ್ಕುಗಳ ಪರಿಚಯ ಬಂತು. ಅವಿಲ್ಲದಿದ್ದರೆ ಮಲಿಕುಂಡದ ಹೆಂಗಸರು ಮಾತಾಡಲು ಒಟ್ಟಿಗೆ ಕೂರುತ್ತಲೇ ಇರಲಿಲ್ಲ. ಆದರೆ ಯಾವ ಮನೆಯ ಹೆಣ್ಣು ಯಾವ ಊರಿಗೆ ಸೊಸೆಯಾಗಿ ಹೋಗುತ್ತಾಳೆ ಎಂಬ ಲೆಕ್ಕ ಜಿನೀವಾದಲ್ಲಾಗಲಿ ನ್ಯೂಯಾರ್ಕ್‌ನಲ್ಲಾಗಲಿ ಯಾರ ಬಳಿಯೂ ಇರಲಿಲ್ಲ, ಮತ್ತು ಬೀಗ ತೆರೆದದ್ದು ಆ ಲೆಕ್ಕವೇ. ನೆರವು ನೀಡುವವರು ಮೊದಲು ಕೇಳಬೇಕಾದದ್ದು ಊರಿನವರನ್ನು, ಅದರಲ್ಲೂ ಆ ನೋವುಂಡ ಹೆಂಗಸರನ್ನು. ತೀರ್ಮಾನವನ್ನೂ ಅವರಿಗೇ ಬಿಡಬೇಕು, ಏಕೆಂದರೆ ಅದನ್ನು ಉಳಿಸಿಕೊಳ್ಳಬೇಕಾದವರು ಅವರೇ.